ಬರಿಗೈಯ ಗುರಿ

"ಅವ್ವಾ, ಕರಿಸಿದ್ದಪ್ಪ ತಾತ ದಿನಾ ಗೋಡೆಗೆ ಯಾಕೆ ಗದರಿಸ್ತಾನೆ?"

ಪಾಲಿ ಹೀಗೆ ಕೇಳಿದಾಗ ಗಂಗಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅವಳ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ದಸರಾ ಕಳೆದ ವಾರ. ಹೊಸದುರ್ಗದ ಅಂಚಿನ ಆ ವಠಾರದಲ್ಲಿ ಮನೆಗಳು ಬೇರೆ ಬೇರೆಯಾದರೂ ಹಿತ್ತಲು ಒಂದೇ. ಹಿತ್ತಲ ಕೊನೆಗೊಂದು ಮಣ್ಣಿನ ಗೋಡೆ, ಗೋಡೆಯ ಪಕ್ಕಕ್ಕೊಂದು ಬೇವಿನ ಮರ. ಕೊನೆಯ ಮನೆಯ ಕರಿಸಿದ್ದಪ್ಪ ಆ ಗೋಡೆಗೆ ಮಗ್ಗುಲಾಗಿ ನಿಂತಿದ್ದ. ಎಡಗೈ ಸೊಂಟದ ಪಂಚೆಗೆ ಸಿಕ್ಕಿಸಿತ್ತು. ಬಲಗೈ ನಿಧಾನವಾಗಿ ಮೇಲೆದ್ದು ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ತೋರುಬೆರಳು ನೆಟ್ಟಗೆ ಗೋಡೆಯ ಕಡೆಗೆ. ಒಂದಷ್ಟು ಹೊತ್ತು ಹಾಗೇ ಇದ್ದು, ಎದ್ದಷ್ಟೇ ನಿಧಾನವಾಗಿ ಕೈ ಕೆಳಗಿಳಿಯಿತು.

"ಗದರಿಸ್ತಿಲ್ಲ ಕಣೆ. ವಯಸ್ಸಾದೋರಿಗೆ ಕೈಕಾಲು ಹಿಡ್ಕಂತವೆ. ಏನೋ ಕಸರತ್ತು."

"ಮತ್ತೆ ಕೈ ಇಳಿಸಿದ ಮ್ಯಾಲೆ ಬೇವಿನ ಮರಕ್ಕೆ ಕಿವಿ ಕೊಡ್ತಾನಲ್ಲ? ಅಲ್ಲಿ ಯಾರೂ ಇಲ್ಲ."

ಗಂಗಮ್ಮನ ಕೈ ನಿಂತಿತು. ಅವಳು ಇಷ್ಟು ದಿನ ನೋಡಿದ್ದು ಕೈಯನ್ನು ಮಾತ್ರ. ಮಗು ನೋಡಿದ್ದು ಕಿವಿಯನ್ನು. ಈಗ ಅವಳೂ ನೋಡಿದಳು. ಮುದುಕ ತಲೆಯನ್ನು ಮರದ ಕಡೆಗೆ ಚೂರು ವಾಲಿಸಿ, ಯಾರೋ ಹೇಳಬೇಕಾದ ಮಾತು ಇನ್ನೂ ಬಂದಿಲ್ಲವೆಂಬಂತೆ ಕಾಯುತ್ತಿದ್ದ. ಮಾತು ಬರಲಿಲ್ಲ. ಅವನು ಟವೆಲು ಕೊಡವಿ ಒಳಗೆ ಹೋದ.

ಮಧ್ಯಾಹ್ನ ಅವರೆಕಾಳಿನ ಸಾರು ಕುದಿಸಿದಾಗ ಗಂಗಮ್ಮ ಒಂದು ಬಟ್ಟಲು ಹೆಚ್ಚಿಗೆ ತೆಗೆದಿಟ್ಟು, ಮುದ್ದೆಯ ಮೇಲೆ ತಟ್ಟೆ ಮುಚ್ಚಿ, ಪಾಲಿಯ ಕೈ ಹಿಡಿದು ಕೊನೆಯ ಮನೆಗೆ ಹೋದಳು. ಆ ಮನೆಯ ಮುದ್ದಕ್ಕ ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು. ಗಂಗಮ್ಮ ಮದುವೆಯಾಗಿ ವಠಾರಕ್ಕೆ ಬಂದ ಹೊಸತರಲ್ಲಿ ಮೊಸರಿಗೆ ಹೆಪ್ಪು ಕೊಟ್ಟವಳು, ಪಾಲಿ ಹುಟ್ಟಿದಾಗ ಬಾಣಂತಿ ನೀರು ಹಾಕಿದವಳು ಮುದ್ದಕ್ಕನೇ. ಮಕ್ಕಳಿಲ್ಲದ ಮನೆ. ಈಗ ಒಳಗೆ ಒಂದೇ ಲೋಟ, ಒಂದೇ ತಟ್ಟೆ ಮಗುಚಿತ್ತು. ಒಲೆಯ ಬೂದಿ ಹಳೆಯದು.

"ಬಾರವ್ವ, ಕುಂತ್ಕ," ಎಂದ ಕರಿಸಿದ್ದಪ್ಪ. "ಯಾಕವ್ವ ಇದೆಲ್ಲಾ? ನಾನು ಬೆಳಿಗ್ಗೆ ಮಂಡಕ್ಕಿ ತಿಂದಿದ್ದೆ."

"ಮಂಡಕ್ಕಿ ತಿಂದು ಗೋಡೆ ಕೆಡವೋಕಾಗುತ್ತಾ ತಾತ? ಉಣ್ರಿ. ನೀವು ಗೋಡೆಗೆ ಗದರಿಸ್ತೀರಿ ಅಂತ ನನ್ನ ಮಗಳ ಫಿರ್ಯಾದು."

ಮುದುಕ ನಕ್ಕ. ಬಹಳ ದಿನದಿಂದ ನಗದ ನಗು, ಕೆಮ್ಮಾಗಿ ಹೊರಗೆ ಬಂತು. "ಗದರಿಸಲ್ಲ ಕೂಸೆ. ಗುರಿ ಇಡ್ತೀನಿ."

"ಯಾವುದ್ರಾಗೆ?" ಎಂದಳು ಪಾಲಿ.

"ಅದೇ ಈಗ ಇಲ್ಲ ನೋಡು."

ಕರಿಸಿದ್ದಪ್ಪ ಮತ್ತೋಡಿನ ಕಡೆಯ ಕುರಿಗಾರರ ಮನೆಯವನು. ಹರೆಯದಲ್ಲಿ ಕಂಬಳಿ ಮಾರಲು ಚಿತ್ರದುರ್ಗಕ್ಕೆ ಹೋದವನು ಅಲ್ಲೇ ಉಳಿದ. ಆಗ ಬಂಡೆಗಳ ಕೆಳಗಿನ ಬಯಲಲ್ಲಿ ವಕೀಲರು, ಅಧಿಕಾರಿಗಳು ಸೇರಿ ಒಂದು ಗುರಿ ಹೊಡೆಯುವ ಕ್ಲಬ್ಬು ನಡೆಸುತ್ತಿದ್ದರು. ಅಲ್ಲಿ ಇವನ ಕೆಲಸ ರಟ್ಟಿನ ಕಾರ್ಡು ಕಟ್ಟುವುದು, ಮಣ್ಣಿನ ದಿಬ್ಬದ ಮರೆಗೆ ಕೂತು ಗುಂಡು ಎಲ್ಲಿ ಬಿತ್ತೆಂದು ಕೂಗುವುದು. ಒಂದು ದಿನ ಚಿಕ್ಕತಿಮ್ಮಪ್ಪ ಎಂಬ ಮುದಿ ವಕೀಲರು, "ಏನಪ್ಪ, ಬರೀ ಕೂಗ್ತೀಯಾ, ನೀನೊಂದು ಹೊಡಿ ನೋಡಾಣ" ಎಂದು ತಮ್ಮ ಪಿಸ್ತೂಲು ಕೈಗಿತ್ತರು. ಚಿಕ್ಕಂದಿನಿಂದ ಕವಣೆ ಬೀಸಿ ತೋಳ ಓಡಿಸಿದ ಕೈ ಅದು. ಆದರೆ ಕವಣೆಯ ರೊಚ್ಚು ಇಲ್ಲಿ ನಡೆಯುವುದಿಲ್ಲವೆಂದು ಕಲಿಯಲು ಅವನಿಗೆ ಬಹಳ ಕಾಲ ಬೇಕಾಯಿತು.

"ಟ್ರಿಗರ್ ಎಳೀಬಾರ್ದವ್ವ. ಕುರಿ ಹಾಲು ಕರೆದಂಗೆ ಹಿಂಡಬೇಕು. ಯಾವಾಗ ಸಿಡೀತು ಅಂತ ನಮಗೇ ಗೊತ್ತಾಗಬಾರ್ದು," ಎಂದು ಅವನು ಬೆರಳು ಮಡಚಿ ತೋರಿಸಿದ.

ವಕೀಲರ ಕಣ್ಣು ಮಂಜಾದಾಗ ಅವರು ಓಡಾಡಿ ಇವನ ಹೆಸರಿಗೆ ಲೈಸೆನ್ಸು ಮಾಡಿಸಿ ಪಿಸ್ತೂಲು ಕೊಟ್ಟರು. ಕ್ಲಬ್ಬು ಆಮೇಲೆ ಮುಚ್ಚಿಹೋಯಿತು. ಕರಿಸಿದ್ದಪ್ಪ ಬಾಗೂರಿನ ಮುದ್ದಕ್ಕನನ್ನು ಮದುವೆಯಾಗಿ, ಹೊಸದುರ್ಗದ ಎಣ್ಣೆ ಮಿಲ್ಲಿಗೆ ಕಾವಲುಗಾರನಾಗಿ ಬಂದ. ರಜೆಯ ದಿನ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಊರಾಚೆಯ ಹಾಳು ಕಲ್ಲುಕ್ವಾರಿಗೆ ಹೋಗುತ್ತಿದ್ದರು. ಇವನು ಹೊಡೆಯುವನು, ಅವಳು ಬಂಡೆಯ ಮರೆಯಿಂದ ಬಂದು ಕಾರ್ಡು ನೋಡಿ ಕೂಗುವಳು. ಅಂಕಿ ಸಂಖ್ಯೆ ಅವಳಿಗೆ ಒಗ್ಗಲಿಲ್ಲ. ಎಡಕ್ಕೆ ಬಿದ್ದರೆ "ಕೆರೆ ಕಡಿಗೆ!" ಎನ್ನುವಳು, ಬಲಕ್ಕಾದರೆ "ಗುಡ್ಡದ ಕಡಿಗೆ!" ಮೇಲೆ ಹೋದರೆ "ಹದ್ದಿಗೆ!" ಕೆಳಗಾದರೆ "ಇರುವೆಗೆ!" ನಟ್ಟನಡುವೆ ಬಿದ್ದರೆ ಮಾತ್ರ, "ಹೊಕ್ಳಿಗೇ ಬಿತ್ತು ಕಣಯ್ಯ!"

"ಒಂದಿನಾನೂ ಸುಳ್ಳು ಕೂಗಲಿಲ್ಲ ಆಕಿ," ಎಂದ ಮುದುಕ. "ಜಗಳಾಡಿ ಮಾತು ಬಿಟ್ಟ ದಿನಾನೂ ಅಷ್ಟೆ. ಹೊಕ್ಳಿಗೆ ಬಿದ್ದಿದ್ರೆ ಹೊಕ್ಳಿಗೇ ಅನ್ನಾಳು. ಮುಖ ಮಾತ್ರ ಅತ್ಲಾಗೆ ತಿರುಗಿರದು."

ಅವನು ಮರಕ್ಕೆ ಯಾಕೆ ಕಿವಿ ಕೊಡುತ್ತಾನೆಂದು ಗಂಗಮ್ಮನಿಗೆ ಆಗ ತಿಳಿಯಿತು. ಮಗಳಿಗೆ ತಿಳಿಸಿ ಹೇಳಲು ಹೋಗಲಿಲ್ಲ.

ಆ ವರ್ಷದ ಚುನಾವಣೆಗೆ ಮುಂಚೆ, ಎಲ್ಲ ಕಡೆಯಂತೆ ಅಲ್ಲಿಯೂ ಬಂದೂಕು ಪಿಸ್ತೂಲು ಇದ್ದವರು ಠಾಣೆಗೆ ಒಪ್ಪಿಸಬೇಕಾಗಿತ್ತು. ಕರಿಸಿದ್ದಪ್ಪನೂ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಿ ಬಂದಿದ್ದ. ಚುನಾವಣೆ ಮುಗಿದು ಉಳಿದವರೆಲ್ಲ ತಮ್ಮತಮ್ಮದು ತಂದುಕೊಂಡರು. ಇವನು ಹೋಗಲಿಲ್ಲ.

"ಯಾಕೆ ತಾತ?"

"ಕಣ್ಣವ್ವ. ಗುರಿ ಇಡೋವಾಗ ದೂರದ ಕಾರ್ಡು ಮಸುಕಾಗಿದ್ರೆ ಚಿಂತಿಲ್ಲ, ನಳಿಗೆ ತುದಿ ಮೊನೆ ನಿಚ್ಚಳ ಕಾಣ್ಬೇಕು. ನಂಗೀಗ ಮೊನೇನೇ ಹೊಗೆ." ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ. "ಈ ವರ್ಷದ ಕೊನೆಗೆ ಲೈಸೆನ್ಸು ಮುಗೀತೈತೆ. ಕಣ್ಣಿಲ್ದೋನು ಯಾವ ಮುಖ ಇಟ್ಕಂಡು ಇನ್ನೊಂದ್ಸಲ ಕೇಳ್ಲಿ? ಅಷ್ಟರಾಗೆ ಯಾರ ಕೈಗಾದ್ರೂ ದಾಟಿಸ್ಬೇಕು. ಇಲ್ಲಾಂದ್ರೆ ಸರ್ಕಾರದ ಉಗ್ರಾಣ ಸೇರಿ, ಬೀಗದ ಒಳಗೆ ತುಕ್ಕು ಹಿಡೀತೈತೆ. ಹೊಡೆಯೋರ ಕೈ ಸೇರ್ಲಿ ಅಂತ ನನ್ನಾಸೆ."

"ಹಂಗಾದ್ರೆ ಚಿತ್ರದುರ್ಗದ ಬಂದೂಕಿನ ಅಂಗಡಿಗೆ ಹೋಗಾಣ ನಡೀರಿ," ಎಂದುಬಿಟ್ಟಳು ಗಂಗಮ್ಮ. "ದೀಪಾವಳಿ ರಜಕ್ಕೆ ನಾನು ಹೆಂಗೂ ಪಾಲಿನ ಕರ್ಕಂಡು ನಮ್ಮಕ್ಕನ ಮನೆಗೆ ಹೋಗೋಳು. ಬಸ್ಸು ನಮ್ಮೆಜಮಾನ್ರದ್ದೇ."

ಅವಳ ಗಂಡ ಬೀರಪ್ಪ ಬಸ್ಸಿನ ಯಜಮಾನನಲ್ಲ, ಕಂಡಕ್ಟರ್. ಆದರೂ ವಠಾರದಲ್ಲಿ ಅದು ಅವನದೇ ಬಸ್ಸು.

ಹೊರಡುವ ಹಿಂದಿನ ದಿನ ಕರಿಸಿದ್ದಪ್ಪ ಠಾಣೆಯಿಂದ ಪೆಟ್ಟಿಗೆ ಬಿಡಿಸಿಕೊಂಡು ಬಂದ. ಗಂಗಮ್ಮನ ಜಗಲಿಯ ಮೇಲೆ ಬೆಳಕಿಗೆ ಕೂತು ಬಿಚ್ಚಿದ. ಗೇಣಿಗಿಂತ ತುಸು ಉದ್ದದ ನಳಿಗೆ, ಕಪ್ಪು ಗಟ್ಟಿ ರಬ್ಬರಿನ ಹಿಡಿ. ಒಂದು ಸಲಕ್ಕೆ ಒಂದೇ ಗುಂಡು. ನಳಿಗೆಯನ್ನು ಮುಂದಕ್ಕೆ ಮುರಿದು ಬಾಗಿಸಿ, ಕಡ್ಡಿಯಷ್ಟು ಸಣ್ಣ ತೋಟಾ ಹಾಕಬೇಕು. ಅವನು ಮೊದಲು ಬಾಗಿಸಿ, ಒಳಗೆ ಏನೂ ಇಲ್ಲವೆಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಿಕೊಂಡು, ಮುಚ್ಚಿ ಬಟ್ಟೆಯ ಮೇಲಿಟ್ಟ. ಅಷ್ಟರಲ್ಲಿ ಊಟಕ್ಕೆ ಬಂದ ಬೀರಪ್ಪ, "ಓಹೋ, ನಮ್ ತಾತ ಪಾಳೇಗಾರ!" ಎನ್ನುತ್ತ ಎತ್ತಿಕೊಂಡು ಗೋಡೆಯ ಕಡೆ ಹಿಡಿದು, ಹಿಂದಿನ ಸುತ್ತಿಗೆಯಂಥ ಕುದುರೆ ಎಳೆದು, ಟಿಕ್ ಅನ್ನಿಸಿಯೇಬಿಟ್ಟ.

ಮುದುಕ ತನಗೇ ಏಟು ಬಿದ್ದವನಂತೆ ತೊಡೆ ಹಿಡಿದುಕೊಂಡ. "ಲೇ ಬೀರ! ಇಡ್ಲೇ ಕೆಳಗೆ!"

"ಖಾಲಿ ಐತಲ್ಲ ತಾತ, ಯಾಕಿಂಗೆ ಬೆಚ್ಚಿಬೀಳ್ತೀರಿ?"

"ಖಾಲಿ ಇರೋದಕ್ಕೇ ಹೇಳಿದ್ದು. ದೊಡ್ಡ ತೋಟಾಕ್ಕೆ ಬೆನ್ನ ನಡುಮಧ್ಯ ಏಟು. ಈ ಸಣ್ಣದಕ್ಕೆ ಮದ್ದಿರೋದು ಅಂಚಿನಾಗೆ, ಏಟೂ ಅಂಚಿಗೇ. ತೋಟಾ ಇಲ್ದೆ ಹೊಡೆದ್ರೆ ಏಟು ಹಾಕೋ ಮೊಳೆ ನೇರ ನಳಿಗೆ ಹಿಂಬಾಯಿಗೆ ಬಡೀತೈತೆ. ನಾಕು ಸಲ ಹಿಂಗೆ ಆಟ ಆಡಿದ್ರೆ ಬಾಯಿ ಜಜ್ಜಿ, ಆಮ್ಯಾಲೆ ತೋಟಾನೇ ಒಳಗೆ ಇಳಿಯಲ್ಲ." ಅವನು ಪಿಸ್ತೂಲು ಬಾಗಿಸಿ, ನಳಿಗೆಯ ಹಿಂಬಾಯಿಯ ಅಂಚನ್ನು ಉಗುರಿನಿಂದ ಸವರಿ ನೋಡಿದ; ಏನೂ ತಡೆಯಲಿಲ್ಲ. "ಸದ್ಯ."

"ನಮ್ಮ ಬಸ್ಸಿನ ಹಾರನ್ನು ವಾಸಿ. ಎಷ್ಟು ಒತ್ತಿದ್ರೂ ಬೇಜಾರಿಲ್ಲ," ಎಂದು ಬೀರಪ್ಪ ಪೆಚ್ಚುನಗೆ ನಕ್ಕು ಒಳಗೆ ಹೋದ.

ಗಂಗಮ್ಮನ ಕಣ್ಣು ಬೇರೆಲ್ಲೋ ಇತ್ತು. ನಳಿಗೆಯ ಎಡಮಗ್ಗುಲಿನ ನೀಲಿಗಪ್ಪು ಹೊಳಪನ್ನು ಮೂರು ಪಟ್ಟೆ ತಿಂದುಹಾಕಿದ್ದವು. ಅಕ್ಕಪಕ್ಕ ಒಂದೊಂದು ಬೆರಳಗಲದ ಕಂದು ಗೆರೆ, ಚುಕ್ಕಿ ಚುಕ್ಕಿ ಕೊರೆದಂತೆ.

"ಅದು ಆಕಿ ಕೆಲಸ," ಎಂದ ಕರಿಸಿದ್ದಪ್ಪ. "ಪ್ರತಿ ಆಯುಧಪೂಜೆಗೆ ನಿಂಬೆಹಣ್ಣು ಹಿಂಡಿ ತೊಳೆದು, ವಿಭೂತಿ ಕಲೆಸಿ ಮೂರು ಪಟ್ಟೆ ಬಳಿದು, ನಡುವೆ ಕುಂಕುಮ ಇಟ್ಟು, ಮೂರು ದಿನ ತೆಗೆಯಗೊಡ್ತಿರಲಿಲ್ಲ. ನಿಂಬೆಹುಳಿ ಕಬ್ಬಿಣ ತಿಂತೈತೆ ಅಂತ ನಂಗೆ ಗೊತ್ತಿತ್ತು."

"ಹೇಳ್ಬೇಕಿತ್ತಲ್ರಿ?"

"ಏನ್ ಹೇಳ್ಲವ್ವ? ಗುರಿ ಹೊಡೆದ ದಿನ ಮನೆಗೆ ಬಂದು, ನಳಿಗೆ ಒಳಗಿನ ಮಸಿ ತೊಳೆಯಾಕೆ ಬಾಣಂತಿಗೆ ಕಾಸಿದಂಗೆ ನೀರು ಕಾಸಿಕೊಡೋಳು ಆಕಿ. ವರ್ಷಕ್ಕೊಂದ್ಸಲ ಆಕಿ ಪೂಜೆ ಆಕಿದು. ಬೇಡ ಅನ್ನಾಕೆ ಬಾಯಿ ಬರಲಿಲ್ಲ."

ಈ ದಸರಾಕ್ಕೆ ಪಿಸ್ತೂಲು ಠಾಣೆಯಲ್ಲಿತ್ತು. ಪಟ್ಟೆ ಬಳಿಯುವವಳೂ ಇರಲಿಲ್ಲ.

ಬಸ್ಸಿನಲ್ಲಿ ಕರಿಸಿದ್ದಪ್ಪ ಪೆಟ್ಟಿಗೆಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಲೈಸೆನ್ಸು ಎದೆಯ ಜೇಬಿನಲ್ಲಿಟ್ಟು, ಎರಡೂ ಕೈ ಮುಚ್ಚಿ ಕೂತ. ಹೊಳಲ್ಕೆರೆಯಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತವಳು ಪೆಟ್ಟಿಗೆಯನ್ನೇ ನೋಡಿದಳು. ಆ ಸೀಮೆಯಲ್ಲಿ ದೇವರೂ ಪೆಟ್ಟಿಗೆಯಲ್ಲೇ ಊರಿಂದೂರಿಗೆ ಹೋಗುವುದು.

"ಯಾವ ದೇವ್ರಪ್ಪ? ಜುಂಜಪ್ಪನಾ?"

ಕರಿಸಿದ್ದಪ್ಪ ಉತ್ತರಕ್ಕೆ ತಡಕಾಡಿದ. ಅಷ್ಟರಲ್ಲಿ ಅಜ್ಜಿ ಚಪ್ಪಲಿ ಬಿಟ್ಟು, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ತನ್ನ ಮುಡಿಯ ಸೇವಂತಿಗೆ ಕಿತ್ತು ಮೇಲಿಟ್ಟಳು. ಹಿಂದಿನ ಸೀಟಿನವರು ಇಬ್ಬರು ಕೈ ಮುಗಿದರು. ಟಿಕೆಟ್ ಹರಿಯುತ್ತಿದ್ದ ಬೀರಪ್ಪ, "ಭಾರೀ ಸಿಟ್ಟಿನ ದೇವ್ರು ಅಜ್ಜಿ, ಖಾಲಿ ಕೈಲಿ ಮುಟ್ಟಿದ್ರೆ ಆಗಲ್ಲ," ಎಂದು ಗಂಗಮ್ಮನ ಕಡೆ ಕಣ್ಣು ಮಿಟುಕಿಸಿದ. ಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕರಿಸಿದ್ದಪ್ಪ ಮಾತ್ರ ನಗಲಿಲ್ಲ. ದುರ್ಗ ಬರುವ ತನಕ ಆ ಹೂವು ಬೀಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ.

ಬಂದೂಕಿನ ಅಂಗಡಿಯ ಜಂಪಣ್ಣ ದಪ್ಪ ಕನ್ನಡಕದ, ಮಾತಿನ ಮನುಷ್ಯ. ಪಿಸ್ತೂಲನ್ನು ಬಾಗಿಸಿ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣಿಂದ ನೋಡಿ, "ಅಬ್ಬಾ, ಒಳಗೆ ಕನ್ನಡಿ ಕಣ್ರೀ!" ಎಂದ. ಹಳೆಯ ತೋಟಾಗಳ ಮದ್ದು ಉಪ್ಪಿನಂತೆ ಕೂತು ಒಳಗನ್ನೇ ಮೊದಲು ತಿನ್ನುವುದು. ಅದಕ್ಕೇ ಹಳೆಯ ಪಿಸ್ತೂಲುಗಳಿಗೆ ಹೊರಗೆ ಹೊಳಪಿದ್ದರೂ ಒಳಗೆ ಹುಳುಕು. ಇದರದ್ದು ತಿರುಗುಮುರುಗು. ಜಂಪಣ್ಣ ಅಡಿಭಾಗ ತಿರುವಿದ. ಅಲ್ಲಿ ಕುಂಕುಮವೂ ಎಣ್ಣೆಯೂ ಬೆರೆತು ಕಲ್ಲಾಗಿ ಕೂತಿತ್ತು. ಸೀಮೆಎಣ್ಣೆ ಬಿಟ್ಟು ಬಿದಿರಕಡ್ಡಿಯಿಂದ ಮೆಲ್ಲಗೆ ಕೆರೆದಾಗ ಒಂದು ಪುಟ್ಟ ಕಿರೀಟ, ಅದರ ಕೆಳಗೆ ಎರಡು ಇಂಗ್ಲಿಷ್ ಅಕ್ಷರ ಮೂಡಿದವು.

"ಹೊಗೆ ಇಲ್ಲದ ಹೊಸ ಮದ್ದಿಗೆ ಪರೀಕ್ಷೆ ಆಗಿರೋ ಮುದ್ರೆ ಇದು. ಬರ್ಮಿಂಗ್‌ಹ್ಯಾಮಿಂದು. ಅಂದ್ರೆ ಇಪ್ಪತ್ತನೇ ಶತಮಾನಕ್ಕಿಂತ ಹಳೇದಲ್ಲ. ಆದ್ರೆ ನಂಬರು ನೋಡ್ರಿ, ಎಷ್ಟು ಸಣ್ಣದು. ಮೊದಮೊದಲು ಮಾಡಿದ್ರಾಗೆ ಇದೂ ಒಂದು. ಮೊದಲನೇ ಮಹಾಯುದ್ಧಕ್ಕೆ ಮುಂಚಿಂದು, ಬರ್ಕೊಡ್ತೀನಿ."

"ವಕೀಲ್ರೂ ಹಂಗೇ ಅಂತಿದ್ರು," ಎಂದ ಕರಿಸಿದ್ದಪ್ಪ. ಅವನ ಬೆನ್ನು ನೆಟ್ಟಗಾಯಿತು.

"ಈಗ ಹೊರದೇಶದಿಂದ ಹೊಸವು ಬರೋದು ನಿಂತೈತೆ. ಅದಕ್ಕೇ ಇಂಥವಕ್ಕೆ ಬೆಲೆ ಬಂದಿರೋದು. ಆದ್ರೆ ಈ ಪಟ್ಟೆ!" ಜಂಪಣ್ಣ ನಾಲಿಗೆ ಲೊಚಗುಟ್ಟಿದ. "ಯಾವ ಪುಣ್ಯಾತ್ಮ ರೀ ಇದನ್ನ ಹಿಂಗೆ ಹಾಳು ಮಾಡಿದ್ದು?"

"ನಾನೇ," ಎಂದ ಕರಿಸಿದ್ದಪ್ಪ.

ಅಂಗಡಿಯಲ್ಲಿ ಇನ್ನೊಬ್ಬರು ಕೂತಿದ್ದರು. ಹಿರಿಯೂರಿನ ಕಾಟಲಿಂಗಪ್ಪ, ಆದಿವಾಲದ ಕಡೆ ಕಬ್ಬಿನ ಗದ್ದೆಯಿದ್ದವರು, ಪಿಸ್ತೂಲಿಗೆ ಲೈಸೆನ್ಸಿದ್ದವರು. ಅವರಿಗೆ ಪಿಸ್ತೂಲು ಮನಸ್ಸಿಗೆ ಬಂತು. ಈ ಪಟ್ಟೆಗಳನ್ನು ಉಜ್ಜಿ ತೆಗೆದು, ಹೊಸ ನೀಲಿ ಬಣ್ಣ ಹಿಡಿಸಿಕೊಡುವುದಾದರೆ ಜಂಪಣ್ಣ ಹೇಳುವ ಬೆಲೆಯ ಮೇಲೆ ಅರ್ಧ ಹೆಚ್ಚಿಗೆ ಕೊಡುತ್ತೇನೆಂದರು.

"ಹೊಡೀತೀರಾ ಸ್ವಾಮಿ?" ಎಂದು ಕೇಳಿದ ಕರಿಸಿದ್ದಪ್ಪ.

"ಹೊಡೆಯೋದ್ಯಾಕಪ್ಪ? ಆಯುಧಪೂಜೆ ದಿನ ನಾಕು ಜನ ನೋಡೋ ಹಂಗೆ ಇಟ್ರೆ ಸಾಲದಾ?"

ಗಂಗಮ್ಮ ಮುದುಕನನ್ನು ಬಾಗಿಲಾಚೆಗೆ ಕರೆದಳು. ಮನೆ ನಡೆಸುವವಳ ಲೆಕ್ಕ ಅವಳ ತಲೆಯಲ್ಲಿ ಆಗಲೇ ಓಡಿತ್ತು. "ತಾತ, ಅಷ್ಟು ದುಡ್ಡಿದ್ರೆ ಕಣ್ಣಿನ ಪೊರೆ ತೆಗೆಸಬೌದು, ಮನೆ ಹೆಂಚು ಹೊದಿಸಬೌದು. ಪಟ್ಟೆ ಹೋದ್ರೆ ಹೋಗ್ಲಿ, ಮುದ್ದಕ್ಕ ಬೈಯಲ್ಲ."

"ಬೈಯಲ್ಲ," ಎಂದು ಒಪ್ಪಿದ ಅವನು. "ಆದ್ರೆ ಆಕಿ ಈ ಲೋಕದಾಗೆ ಎಲ್ಲೂ ಇನ್ನೊಂದು ಗೆರೆ ಬರೆದಿಟ್ಟು ಹೋಗಿಲ್ಲವ್ವ. ಇರೋವು ಇವು ಮೂರೇ. ಕಣ್ಣು ಬಂದ್ರೂ ಏನ್ ನೋಡ್ಲಿ?"

ಒಳಗೆ ಬಂದು ಅವನು ಪೆಟ್ಟಿಗೆಗೆ ಕೈ ಹಾಕಿದಾಗ ಕಾಟಲಿಂಗಪ್ಪ, "ಮುದುಕಂಗೆ ಅರಳುಮರಳು," ಎಂದು ನಕ್ಕು ಎದ್ದುಹೋದರು.

ಜಂಪಣ್ಣ ಕೆಟ್ಟವನಲ್ಲ. ಅವನೇ ರೈಲ್ವೆಯಲ್ಲಿ ಕೆಲಸದಲ್ಲಿದ್ದ ಚಿತ್ತಯ್ಯನೆಂಬ ಯುವಕನಿಗೆ ಹೇಳಿಕಳಿಸಿದ. ಚಿತ್ತಯ್ಯ ಗುರಿ ಹೊಡೆಯುವ ಪಂದ್ಯಗಳಿಗೆ ಬೆಂಗಳೂರಿಗೆ ಹೋಗುತ್ತಿದ್ದವನು. ಲೈಸೆನ್ಸು ಸಿಕ್ಕಿತ್ತು, ಪಿಸ್ತೂಲು ಸಿಕ್ಕಿರಲಿಲ್ಲ. ಪಂದ್ಯದ ದಿನ ಬೇರೆಯವರದ್ದನ್ನು ಬೇಡಿ ಹೊಡೆಯುತ್ತಿದ್ದ. ಅವನು ಪಟ್ಟೆಗಳನ್ನು ನೋಡಲೇ ಇಲ್ಲ. ಕೈಯಲ್ಲಿ ತೂಗಿ, ತೋಳು ಚಾಚಿ, ಕಣ್ಣು ಮುಚ್ಚಿ ತೆರೆದು, "ಒಂದ್ಸಲ ಹೊಡೆದು ನೋಡಾಣೇನ್ರಿ ತಾತ?" ಎಂದ.

ಸಂಜೆ ಬಿಸಿಲು ಇಳಿಯುವ ಮುಂಚೆ ಎಲ್ಲರೂ ಬಂಡೆಗಳ ಕೆಳಗಿನ ಹಳೆಯ ಬಯಲಿಗೆ ಹೋದರು. ಕ್ಲಬ್ಬಿದ್ದ ಕಡೆ ಕತ್ತಾಳೆ ಬೆಳೆದಿತ್ತು. ಮಣ್ಣಿನ ದಿಬ್ಬ ಮಾತ್ರ ಕುಸಿದಷ್ಟು ಕುಸಿದು ಉಳಿದಿತ್ತು. ಗಂಗಮ್ಮನನ್ನೂ ಪಾಲಿಯನ್ನೂ ಕರಿಸಿದ್ದಪ್ಪ ಹಿಂದಿನ ಹುಣಸೆ ಮರದ ಬುಡಕ್ಕೆ ಕಳಿಸಿ, ಕಿವಿ ಮುಚ್ಚಿಕೊಳ್ಳಲು ಹೇಳಿದ. ಚಿತ್ತಯ್ಯ ಕಾರ್ಡು ಕಟ್ಟಿ ಬಂದು ಹೊಡೆದ. ಒಣಗಿದ ಔಡಲಕಾಯಿ ಸಿಡಿದಂಥ ಸದ್ದು, ಅಷ್ಟೇ. ಮೊದಲೆರಡು ಪಕ್ಕಕ್ಕೆ ಹೋದವು, ಆಮೇಲಿನವು ಒಂದರ ಬೆನ್ನಿಗೊಂದು ನಡುವಿನ ಕಪ್ಪಿನೊಳಗೆ ಕೂತವು. ಅವನ ಮುಖ ಅರಳಿತು.

ಅವನು ಹೊಸ ಕಾರ್ಡು ಕಟ್ಟಿ ಬಂದು ಪಿಸ್ತೂಲನ್ನು ಮುದುಕನ ಕೈಗೆ ಕೊಟ್ಟ. "ಈಗ ನೀವೊಂದು."

"ಬ್ಯಾಡಪ್ಪ."

"ಒಂದೇ ಒಂದು, ತಾತ."

ಕರಿಸಿದ್ದಪ್ಪ ಮಗ್ಗುಲಾಗಿ ನಿಂತ. ಎಡಗೈ ಸೊಂಟಕ್ಕೆ ಹೋಯಿತು. ಗಂಗಮ್ಮ ಹಿತ್ತಲಲ್ಲಿ ದಿನಾ ಕಂಡ ಅದೇ ಕೈ ಮೇಲೆದ್ದಿತು. ಆದರೆ ಈಗ ಅದರ ತುದಿಯಲ್ಲಿ ಭಾರವಿತ್ತು, ಭಾರಕ್ಕೆ ನಡುಕವಿತ್ತು. ಬಹಳ ಹೊತ್ತು ನಿಂತ. ಸಿಡಿಯಿತು. ಕೈ ಇಳಿಸಿ, ತಲೆಯನ್ನು ದಿಬ್ಬದ ಕಡೆಗೆ ವಾಲಿಸಿದ.

ಚಿತ್ತಯ್ಯ ಓಡಿಹೋಗಿ ಕಾರ್ಡು ನೋಡಿದ. ಗಂಗಮ್ಮನೂ ಪಾಲಿಯೂ ಹಿಂದೆಯೇ ಹೋದರು. ಕಾರ್ಡು ಹೊಚ್ಚಹೊಸದಾಗಿ, ಬಿಳಿಯಾಗಿ, ಒಂದೂ ತೂತಿಲ್ಲದೆ ನಿಂತಿತ್ತು. ಚಿತ್ತಯ್ಯ ಗಂಗಮ್ಮನ ಮುಖ ನೋಡಿ, ತಿರುಗಿ ಕೂಗಿದ: "ಭೇಷ್ ತಾತ! ನಡುಮಧ್ಯಕ್ಕೇ!"

ಬಯಲಿನ ಆ ತುದಿಯಲ್ಲಿ ಮುದುಕ ನಳಿಗೆ ಬಾಗಿಸಿ ಖಾಲಿ ತೋಟಾ ತೆಗೆದು ಕೆಳಗೆ ಹಾಕಿದ. ಆಮೇಲೆ ಕೇಳಿದ, "ಗಂಗವ್ವ, ನೀನು ನೋಡಿದೇನು?"

ಒಂದು ಸುಳ್ಳಿನಿಂದ ಯಾರಿಗೂ ಏನೂ ಹೋಗುತ್ತಿರಲಿಲ್ಲ. ಜ್ವರದ ಮಗುವಿಗೆ ಕಹಿ ಮದ್ದನ್ನು ಜೇನು ಎಂದು ಕುಡಿಸುವಾಗ ಅವಳೂ ಎಷ್ಟು ಸಲ ಹೇಳಿಲ್ಲ. ಆದರೆ ಮುದುಕ ಕಿವಿ ಕೊಟ್ಟು ನಿಂತಿದ್ದ ಆ ರೀತಿಯನ್ನು ಅವಳು ಹಿತ್ತಲಲ್ಲಿ ನೋಡಿದ್ದಳು. ಅಲ್ಲಿ ಖಾಲಿಯಿದ್ದ ಜಾಗ ಜೇನಿನದಲ್ಲ, ನಿಜ ಕೂಗುತ್ತಿದ್ದವಳದು.

"ಕಾರ್ಡಿಗೇ ಬಿದ್ದಿಲ್ಲ ತಾತ," ಎಂದಳು.

ಚಿತ್ತಯ್ಯ ತಲೆ ತಗ್ಗಿಸಿದ. ಗಾಳಿಗೆ ಕಾರ್ಡು ಪಟಪಟ ಎಂದಿತು. ಅಷ್ಟರಲ್ಲಿ ದಿಬ್ಬದ ಮೇಲೆ ಹುಡುಕುತ್ತಿದ್ದ ಪಾಲಿ ಕಿರುಚಿದಳು: "ಇಲ್ಲೈತೆ ತಾತ! ಮಣ್ಣಾಗೆ! ತೂತು!"

"ಯಾವ ಕಡಿಗೆ ಕೂಸೆ?"

ಪಾಲಿ ಕಾರ್ಡು ನೋಡಿದಳು, ತೂತು ನೋಡಿದಳು, ಊರ ಕಡೆ ತಿರುಗಿ ಯೋಚಿಸಿದಳು. "ಬಸ್‌ಸ್ಟ್ಯಾಂಡ್ ಕಡಿಗೆ!"

ಕರಿಸಿದ್ದಪ್ಪ ನಕ್ಕ. ಈ ಸಲ ಕೆಮ್ಮು ಬರಲಿಲ್ಲ. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡು, ಚಿತ್ತಯ್ಯ ಹತ್ತಿರ ಬಂದಾಗ ಅವನ ಭುಜದ ಮೇಲೆ ಕೈಯಿಟ್ಟ. "ಮರ್ಯಾದಿಗೆ ಸುಳ್ಳು ಹೇಳಿದ್ದಿ, ಗೊತ್ತಪ್ಪ. ಆದ್ರೆ ಎಲ್ಲಿ ಬಿತ್ತು ಅಂತ ಸುಳ್ಳು ಕೇಳಿದ ಕೈ ಮತ್ತೆ ಸುಧಾರ್ಸಲ್ಲ. ನಿಂಗೂ ಅಷ್ಟೆ. ನಿಜ ಕೂಗೋ ಒಬ್ರನ್ನ ಜತೆಗಿಟ್ಕ." ಆಮೇಲೆ ಪಿಸ್ತೂಲು ಕೊಡುತ್ತ ಎರಡೇ ಮಾತು ಹೇಳಿದ: ಖಾಲಿ ಹೊಡೆಯಬೇಡ, ಪಟ್ಟೆ ಉಜ್ಜಬೇಡ.

"ಉಜ್ಜಲ್ಲ ತಾತ," ಎಂದ ಚಿತ್ತಯ್ಯ. ಬೆಲೆಯನ್ನು ಜಂಪಣ್ಣನೇ ತೀರ್ಮಾನಿಸಿದ. ಸರ್ಕಾರಕ್ಕೆ ತಿಳಿಸಬೇಕಾದ ಕಾಗದಪತ್ರವೂ ಅವನದೇ. ಗಂಗಮ್ಮ ದುಡ್ಡನ್ನು ಮುದುಕನ ಒಳಜೇಬಿಗೆ ಹಾಕಿಸಿ, ಮೇಲೆ ಪಿನ್ನು ಚುಚ್ಚಿದಳು.

ಮರುದಿನ ವಾಪಸು ಬರುವಾಗ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಏನೂ ಇರಲಿಲ್ಲ. ಆದರೂ ತಿರುವಿನಲ್ಲೆಲ್ಲ ಎರಡೂ ಕೈ ಎದ್ದು, ಇಲ್ಲದ ಪೆಟ್ಟಿಗೆಯನ್ನು ಹಿಡಿಯಲು ಹೋಗಿ ಮತ್ತೆ ಮಂಡಿಯ ಮೇಲೆ ಕೂರುತ್ತಿದ್ದವು. ಹೊಳಲ್ಕೆರೆ ದಾಟಿದ ಮೇಲೆ ಜೇಬಿನಿಂದ ಬಾಡಿದ ಸೇವಂತಿಗೆ ತೆಗೆದು ಪಾಲಿಯ ಕೈಗೆ ಕೊಟ್ಟ. ಬೀರಪ್ಪ ಟಿಕೆಟ್ಟಿಗೆ ಬಂದವನು ತಮಾಷೆಗೆ ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡು ಮುಂದಕ್ಕೆ ಹೋದ.

ಆಮೇಲೆ ಕೆಲವು ದಿನ ಕರಿಸಿದ್ದಪ್ಪ ಹಿತ್ತಲಿಗೆ ಬರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು, ಒಳಗೆ ಸದ್ದಿರುತ್ತಿರಲಿಲ್ಲ. ಗಂಗಮ್ಮ ಕೊಟ್ಟು ಬಂದ ಸಾರಿನ ಬಟ್ಟಲು ತೊಳೆದು ಹೊಸ್ತಿಲ ಮೇಲೆ ಮಗುಚಿರುತ್ತಿತ್ತು. ಅವನು ಇದ್ದಾನೆಂಬುದಕ್ಕೆ ಅದೊಂದೇ ಗುರುತು. ಒಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಹೋಗಿ ಬಾಗಿಲಲ್ಲಿ ನಿಂತಳು.

"ಮುಂದಿನ ತಿಂಗಳು ಸರ್ಕಾರಿ ಆಸ್ಪತ್ರೇಲಿ ಕಣ್ಣಿನ ಕ್ಯಾಂಪು ಐತಂತೆ ತಾತ. ನಿಮ್ಮ ಹೆಸರು ಬರೆಸ್ತೀನಿ. ಬರಲ್ಲ ಅಂದ್ರೆ ನಾಳೆಯಿಂದ ಸಾರು ಬರಲ್ಲ."

ಮುದುಕ ಚಾಪೆಯ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. "ಬರ್ತೀನಿ," ಎಂದ. "ಆದ್ರೆ ನಂದೂ ಒಂದು ಮಾತೈತೆ. ನಡೆಸಿಕೊಡ್ತಿಯೇನವ್ವ?"

"ಹೇಳ್ರಿ."

"ದಿನಾ ಬ್ಯಾಡ. ಇಸ್ಕೂಲಿಗೆ ರಜ ಇದ್ದಾಗ ಬೆಳಿಗ್ಗೆ ಕೂಸನ್ನ ಒಂದು ಗಳಿಗೆ ಬೇವಿನ ಮರದ ಹತ್ರ ಕಳಿಸು. ಗೋಡೆ ಮ್ಯಾಲೆ ಇದ್ಲಿನಾಗೆ ಒಂದು ದುಂಡಗೆ ಬರೀತೀನಿ. ಮರದ ಮರೆಗೇ ನಿಲ್ಲಿಸು, ಮುಂದಕ್ಕೆ ಬ್ಯಾಡ. ಬರಿಗೈಯಾದ್ರೂ ಮನುಷ್ಯರ ಕಡಿಗೆ ಎತ್ತಬಾರ್ದು. ನನ್ನ ಬೆರಳು ಎತ್ತ ಹೋಯ್ತೋ ಅತ್ತ ಕೂಗ್ಲಿ. ಕೆರೆ ಕಡಿಗೇ ಅನ್ಲಿ, ಬಸ್‌ಸ್ಟ್ಯಾಂಡ್ ಕಡಿಗೇ ಅನ್ಲಿ, ಕೂಸಿನ ಇಷ್ಟ. ನಡುಗಿದ್ರೆ ನಡುಗ್ತು ಅನ್ಲಿ." ಅವನು ಕೈಯನ್ನು ಮಡಿಲಿಗೆ ಇಳಿಸಿದ. "ಒಂದೇ ಒಂದು, ತಾಯಿ. ಮುದುಕ ಒಬ್ಬನೇ ಅದಾನೆ ಅಂತ ಕನಿಕರ ಪಟ್ಟು, ಹೊಕ್ಳಿಗೆ ಬಿತ್ತು ಅಂತ ಮಾತ್ರ ಹೇಳಿಕೊಡಬ್ಯಾಡ."